ಗಟ್ಟಿಮೇಳದ ಹೊತ್ತಿಗೆ ಫ್ಲ್ಯಾಶ್ ಕೈಕೊಡದಿರಲು: ರೀಚಾರ್ಜೆಬಲ್ ಸೆಲ್ ಆರಿಸುವ ಬಗೆ

ಗಟ್ಟಿಮೇಳ ಎದ್ದ ಕ್ಷಣದಿಂದ ಮೂರು ಗಂಟು ಬಿದ್ದು ಅಕ್ಷತೆ ಸುರಿದು ಮುಗಿಯುವವರೆಗೆ ಫೋಟೋಗ್ರಾಫರ್‌ಗೆ ಸಿಗುವುದು ಹೆಚ್ಚೆಂದರೆ ಅರ್ಧ ನಿಮಿಷ. ಎರಡೂವರೆ ಸೆಕೆಂಡಿಗೊಮ್ಮೆ ಸಿದ್ಧವಾಗುವ ಫ್ಲ್ಯಾಶ್ ಇದ್ದರೆ ಅಷ್ಟರಲ್ಲಿ ಹನ್ನೆರಡು ಚಿತ್ರ ಬರುತ್ತವೆ. ಎಂಟು ಸೆಕೆಂಡ್ ತಿನ್ನುವ ಫ್ಲ್ಯಾಶ್‌ನಲ್ಲಿ ಮೂರೋ ನಾಲ್ಕೋ, ಅದರಲ್ಲೂ ಒಂದರಲ್ಲಿ ಮದುಮಗಳ ಮುಖಕ್ಕೆ ಯಾರದೋ ಕೈ ಅಡ್ಡ. ಫ್ಲ್ಯಾಶ್ ಅದೇ, ಕ್ಯಾಮೆರಾ ಅದೇ. ವ್ಯತ್ಯಾಸ ಮಾಡುವುದು ಒಳಗೆ ಕೂತಿರುವ ನಾಲ್ಕು ಸೆಲ್. ಹಾಸನ, ಚಿಕ್ಕಮಗಳೂರು ಕಡೆ ಮದುವೆ, ನಾಮಕರಣ, ಗೃಹಪ್ರವೇಶ ತೆಗೆಯುವವರಿಗೂ, ಮಳೆಗಾಲದ ರಾತ್ರಿ ತೋಟದಲ್ಲಿ ಟಾರ್ಚ್ ಹಿಡಿದು ಕಪ್ಪೆ, ಹುಳುಗಳ ಮ್ಯಾಕ್ರೋ (ತೀರಾ ಹತ್ತಿರದ ಚಿತ್ರ) ತೆಗೆಯುವವರಿಗೂ ಈ ಬರಹ.

ಫ್ಲ್ಯಾಶ್ ಕೇಳುವುದೇನು

ಫ್ಲ್ಯಾಶ್‌ನೊಳಗೆ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ. ಸೆಲ್‌ಗಳ ಐದಾರು ವೋಲ್ಟನ್ನು ಫ್ಲ್ಯಾಶ್‌ನ ಸರ್ಕ್ಯೂಟ್ 300 ವೋಲ್ಟ್‌ಗೂ ಮೇಲೆ ಏರಿಸಿ ಆ ಕೆಪಾಸಿಟರ್‌ಗೆ ತುಂಬುತ್ತದೆ. ಬಟನ್ ಒತ್ತಿದಾಗ ಅದಷ್ಟೂ ಸಾವಿರದಲ್ಲಿ ಕೆಲವೇ ಪಾಲು ಸೆಕೆಂಡಿನಲ್ಲಿ ಬೆಳಕಾಗಿ ಖಾಲಿ. ಮತ್ತೆ ತುಂಬಿಕೊಳ್ಳುವಾಗ ಫ್ಲ್ಯಾಶ್ ಸೆಲ್‌ಗಳಿಂದ 5 ಆಂಪಿಯರ್ ಆಸುಪಾಸು ಕರೆಂಟ್ ಎಳೆಯುತ್ತದೆ. ಗೋಡೆ ಗಡಿಯಾರ ಇದರ ಸಾವಿರದಲ್ಲೊಂದು ಪಾಲನ್ನೂ ಕೇಳುವುದಿಲ್ಲ, ಟಿವಿ ರಿಮೋಟ್ ಕೇಳುವುದೂ ಬಹಳ ಕಡಿಮೆ. ಆದ್ದರಿಂದ ರಿಮೋಟ್‌ನಲ್ಲಿ ವರ್ಷಗಟ್ಟಲೆ ಬಾಳುವ ಸೆಲ್ ಫ್ಲ್ಯಾಶ್‌ನಲ್ಲೂ ಬಾಳುತ್ತದೆ ಎಂದುಕೊಳ್ಳಬಾರದು.

ಕಾಫಿ ತೋಟಕ್ಕೆ ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರ್ ಓಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆರೆ ತುಂಬಿದ್ದರೂ ಪೈಪು ಸಣ್ಣದಾದರೆ ಜೆಟ್ ಮೇಲೇಳುವುದಿಲ್ಲ. ಸೆಲ್ ಮೇಲೆ ಬರೆದಿರುವ ಎಂಎಎಚ್, ಅಂದರೆ ಅದು ಹಿಡಿಯುವ ಒಟ್ಟು ಚಾರ್ಜ್, ಕೆರೆಯ ನೀರು. ಸೆಲ್‌ನ ಒಳರೋಧ, ಅಂದರೆ ಹರಿಯುವ ಕರೆಂಟಿಗೆ ಸೆಲ್ ತನ್ನೊಳಗೇ ಒಡ್ಡುವ ತಡೆ, ಪೈಪಿನ ಅಗಲವಿದ್ದಂತೆ: ತಡೆ ಕಡಿಮೆಯಾದಷ್ಟೂ ಪೈಪು ಅಗಲ. ಫ್ಲ್ಯಾಶ್‌ಗೆ ಮೊದಲು ನೋಡಬೇಕಾದದ್ದು ಪೈಪನ್ನೇ.

ಲೆಕ್ಕ ಹಾಕಿ ನೋಡೋಣ. ಬಳಸಿ ಎಸೆಯುವ ಆಲ್ಕಲೈನ್ ಸೆಲ್ ಹೊಸದಿದ್ದಾಗ ಅದರ ಒಳರೋಧ ಸುಮಾರು 0.15 ಓಮ್. ಸಾಲಾಗಿ ನಾಲ್ಕು ಹಾಕಿದರೆ 0.6 ಓಮ್. 5 ಆಂಪಿಯರ್ ಎಳೆದಾಗ ಒಳಗೇ 3 ವೋಲ್ಟ್ ಹೋಯಿತು. ಲೇಬಲ್ ಪ್ರಕಾರ 6 ವೋಲ್ಟ್, ಫ್ಲ್ಯಾಶ್‌ಗೆ ಮುಟ್ಟುವುದು 3. ಉಳಿದದ್ದೆಲ್ಲ ಸೆಲ್ ಬಿಸಿಯಾಗುವುದಕ್ಕೆ. ರೀಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ (ಮುಂದೆ ಬರೀ ನಿಕಲ್) ಸೆಲ್ ಒಳ್ಳೆಯದೂ ಹೊಸದೂ ಆಗಿದ್ದರೆ ಒಳರೋಧ ಸಾಮಾನ್ಯವಾಗಿ 0.03 ಓಮ್‌ಗಿಂತ ಹೆಚ್ಚಿರುವುದಿಲ್ಲ. ನಾಲ್ಕಕ್ಕೆ 0.12, ನಷ್ಟ ಅರ್ಧ ವೋಲ್ಟ್ ಚಿಲ್ಲರೆ. ಹೀಗಾಗಿ 1.2 ವೋಲ್ಟ್ ಎಂದು ಬರೆದಿರುವ ನಿಕಲ್ ಸೆಲ್ 1.5 ವೋಲ್ಟ್‌ನ ಆಲ್ಕಲೈನ್‌ಗಿಂತ ಫ್ಲ್ಯಾಶನ್ನು ಬೇಗ ತುಂಬುತ್ತದೆ. "1.2 ವೋಲ್ಟ್ ಕಡಿಮೆ ಆಯ್ತಲ್ಲ" ಎಂದು ಅಂಗಡಿಯಲ್ಲಿ ಹಿಂಜರಿಯುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಯಾವ ಸೆಲ್ ಕೊಳ್ಳಬೇಕು

ಎಎ ಅಳತೆಯ (ಪೆನ್ಸಿಲ್ ಸೆಲ್ ಗಾತ್ರದ), ತಾನಾಗಿ ಚಾರ್ಜ್ ಕಳೆದುಕೊಳ್ಳದ ಬಗೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್, 1900ರಿಂದ 2100 ಎಂಎಎಚ್. ಹೆಚ್ಚಿನವರಿಗೆ ಇದೇ ಸರಿ. ಪ್ಯಾಕ್ ಮೇಲೆ "ರೆಡಿ ಟು ಯೂಸ್", "ಪ್ರೀ ಚಾರ್ಜ್ಡ್", "ಲೋ ಸೆಲ್ಫ್ ಡಿಸ್ಚಾರ್ಜ್" ಈ ಮೂರರಲ್ಲಿ ಒಂದಾದರೂ ಇರಬೇಕು. ಹಳೆಯ ಬಗೆಯ ನಿಕಲ್ ಸೆಲ್ ಸುಮ್ಮನೆ ಇಟ್ಟರೂ ತಿಂಗಳಿಗೆ ಶೇಕಡಾ 20–30 ಸೋರಿಕೊಂಡು ಬಿಡುತ್ತದೆ. ಚೈತ್ರದಲ್ಲಿ ಚಾರ್ಜ್ ಮಾಡಿ ಬ್ಯಾಗಿನಲ್ಲಿಟ್ಟದ್ದು ಜ್ಯೇಷ್ಠದ ಮದುವೆಗೆ ಅರ್ಧದ ಆಸುಪಾಸಿಗೆ ಇಳಿದಿರುತ್ತದೆ. ಈ ತೊಂದರೆಯನ್ನು ಬಗೆಹರಿಸಿ ಮೊದಲು ಹೆಸರು ಮಾಡಿದ್ದು 2005ರಲ್ಲಿ ಜಪಾನಿನ ಸ್ಯಾನ್ಯೊ ತಂದ ಎನೆಲೂಪ್. ಈಗ ಅದು ಪ್ಯಾನಸೋನಿಕ್ ಕೈಯಲ್ಲಿದೆ.

ಎನೆಲೂಪ್‌ನಲ್ಲೇ ಎರಡು ಬಗೆ. ಬಿಳಿಯದು ಕನಿಷ್ಠ 1900 ಎಂಎಎಚ್, ಕಂಪನಿಯ ಲೆಕ್ಕದಲ್ಲಿ 2100 ಸಲ ಚಾರ್ಜ್ ಮಾಡಬಹುದು. ಕಪ್ಪು ಬಣ್ಣದ ಪ್ರೊ ಕನಿಷ್ಠ 2500, ಆದರೆ 500 ಸಲ ಮಾತ್ರ. ಸುಮಾರು ಮೂರನೇ ಒಂದು ಭಾಗ ಹೆಚ್ಚು ಫ್ಲ್ಯಾಶ್‌ಗಾಗಿ ಮುಕ್ಕಾಲು ಭಾಗ ಆಯುಷ್ಯ ಬಿಟ್ಟುಕೊಟ್ಟ ಹಾಗಾಯಿತು. ದಿನಕ್ಕೆರಡು ಕಾರ್ಯಕ್ರಮ ಹಿಡಿದು ಸೆಲ್ ಬದಲಿಸಲೂ ಪುರುಸೊತ್ತಿಲ್ಲದವರಿಗೆ ಕಪ್ಪು ಸರಿ. ಉಳಿದವರು ಅದೇ ದುಡ್ಡಿಗೆ ಬಿಳಿಯದನ್ನೇ ಇನ್ನೊಂದು ಸೆಟ್ ಹೆಚ್ಚು ಕೊಳ್ಳುವುದು ಮೇಲು. ಫ್ಲ್ಯಾಶ್‌ನ ಬಿಸಿಯಲ್ಲಿ ವರ್ಷಗಟ್ಟಲೆ ದುಡಿದರೂ ಬಿಳಿಯದು ತಡೆದುಕೊಳ್ಳುತ್ತದೆ. ಬೆಂಗಳೂರಿಗೆ ಹೋದಾಗ ನಾಗಸಂದ್ರದ ಐಕಿಯಾ ಅಂಗಡಿಯಲ್ಲಿ ಲಾಡಾ 2450 ಸಿಕ್ಕರೆ ಅದೂ ಫ್ಲ್ಯಾಶ್‌ಗೆ ಒಗ್ಗುವ ಸೆಲ್.

3000ಕ್ಕೂ ಮೇಲೆ ಬರೆದಿರುವ ಎಎ ಸೆಲ್ ಕಂಡರೆ ಕೆಳಗಿಟ್ಟು ಬನ್ನಿ. ಈ ಅಳತೆಯ ಡಬ್ಬಿಯೊಳಗೆ ನಿಕಲ್ ಸೆಲ್ 2700–2800 ದಾಟುವುದಿಲ್ಲ. ದೊಡ್ಡ ಅಂಕಿ ಬರೆದವರು ಒಳಗೇನು ತುಂಬಿದ್ದಾರೆಂದು ತಿಳಿಯಲು ತಕ್ಕಡಿ ಸಾಕು. ಒಳ್ಳೆಯ ಎಎ ನಿಕಲ್ ಸೆಲ್ 26–30 ಗ್ರಾಂ ತೂಗುತ್ತದೆ. ಅಡುಗೆಮನೆಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ 18–20 ಗ್ರಾಂ ತೋರಿಸಿದರೆ ಅದು ಹೆಸರಿಗಷ್ಟೇ ಸೆಲ್. ಕೊಳ್ಳುವ ಮೊದಲು ತಯಾರಾದ ತಿಂಗಳು, ವರ್ಷವನ್ನೂ ನೋಡಿ. ಸಣ್ಣ ಊರಿನ ಅಂಗಡಿಯ ಗಾಜಿನ ಹಿಂದೆ ನಾಲ್ಕೈದು ವರ್ಷ ಧೂಳು ಕುಡಿದ ಪ್ಯಾಕ್ ಇರುವುದುಂಟು. ಬಳಸದೆ ಕೂತಷ್ಟೂ ಒಳರೋಧ ಏರುತ್ತದೆ.

ಹಾಕಬಾರದವು

14500 ಎಂಬ ಲಿಥಿಯಂ ಸೆಲ್ ನೋಡಲು ಥೇಟ್ ಎಎ ಹಾಗೇ ಇರುತ್ತದೆ, ಆದರೆ ಒಂದೊಂದೂ 3.7 ವೋಲ್ಟ್. ನಾಲ್ಕು ಹಾಕಿದರೆ 6 ವೋಲ್ಟ್ ಕಡೆ ಇರಬೇಕಾದದ್ದು 15ರ ಹತ್ತಿರ ಹೋಗುತ್ತದೆ, ಫ್ಲ್ಯಾಶ್ ಸುಟ್ಟೇ ಹೋಗುತ್ತದೆ. ನಿಕಲ್ ಜಿಂಕ್ ಸೆಲ್ 1.6 ವೋಲ್ಟ್‌ನದು. ಫ್ಲ್ಯಾಶ್ ಚುರುಕಾಗಿ ತುಂಬುವುದರಿಂದ ಆಸೆ ಹುಟ್ಟಿಸುತ್ತದೆ, ಆದರೆ ಚಾರ್ಜರ್‌ನಿಂದ ತೆಗೆದಾಗ 1.8 ವೋಲ್ಟ್ ದಾಟಿರುತ್ತದೆ. ಬಿಸಿಯಾಗಿ ಫ್ಲ್ಯಾಶ್ ಒಳಗಿನ ಭಾಗಗಳು ಹೋದರೆ ರಿಪೇರಿ ಖರ್ಚಿನಲ್ಲಿ ಹತ್ತು ಸೆಟ್ ನಿಕಲ್ ಸೆಲ್ ಬರುತ್ತದೆ. ರೀಚಾರ್ಜ್ ಮಾಡಲಾಗದ ಲಿಥಿಯಂ ಎಎ ಸೆಲ್ ಕೂಡ ಬೇಡ. ಅವು ಅತಿಯಾಗಿ ಬಿಸಿಯಾಗಬಹುದೆಂದು ಕ್ಯಾನನ್‌ನ ಸ್ಪೀಡ್‌ಲೈಟ್ ಫ್ಲ್ಯಾಶ್‌ಗಳ ಕೈಪಿಡಿಗಳೇ ಎಚ್ಚರಿಸುತ್ತವೆ.

ಈಚೆಗೆ ಬರುತ್ತಿರುವ, ಸೆಲ್ ಮೈಯಲ್ಲೇ ಯುಎಸ್‌ಬಿ ತೂತಿರುವ 1.5 ವೋಲ್ಟ್ ಲಿಥಿಯಂ ಸೆಲ್‌ಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಮೈಕ್, ಆಟಿಕೆ, ಮೌಸ್‌ಗೆ ಅವು ಚೆನ್ನ. ಫ್ಲ್ಯಾಶ್‌ಗೆ ಅಲ್ಲ. ಅದರೊಳಗೆ 3.7 ವೋಲ್ಟನ್ನು 1.5ಕ್ಕೆ ಇಳಿಸುವ ಪುಟ್ಟ ಸರ್ಕ್ಯೂಟ್ ಇರುತ್ತದೆ. ಸಾಮಾನ್ಯವಾಗಿ 2 ಆಂಪಿಯರ್ ಆಸುಪಾಸಿಗೆ ಅದು ಸುಸ್ತಾಗುತ್ತದೆ, ಬಿಸಿಯಾದರೆ ತನ್ನಷ್ಟಕ್ಕೆ ನಿಂತುಬಿಡುತ್ತದೆ. ನಿಕಲ್ ಸೆಲ್ ಖಾಲಿಯಾಗುವ ಮುಂಚೆ ನಿಧಾನವಾಗಿ ಸೂಚನೆ ಕೊಡುತ್ತದೆ. ಇದು ಹೇಳದೆ ಕೇಳದೆ ಹೋಗುತ್ತದೆ. ಅದರ ಸರ್ಕ್ಯೂಟಿನ ಗಲಾಟೆ, ದೂರದ ಫ್ಲ್ಯಾಶನ್ನು ತಂತಿಯಿಲ್ಲದೆ ಹಾರಿಸುವ ರೇಡಿಯೋ ಟ್ರಿಗರ್‌ಗೂ ಅಡ್ಡಿ ಮಾಡಬಹುದು.

ಇನ್ನು ಲಿಥಿಯಂ ಪ್ಯಾಕ್ ಇಟ್ಟೇ ಬರುವ ಫ್ಲ್ಯಾಶ್‌ಗಳ ಮಾತೇ ಬೇರೆ. ಗೋಡಾಕ್ಸ್ ಕಂಪನಿಯ ವಿ860-3 ಫ್ಲ್ಯಾಶ್ ತನ್ನ ವಿಬಿ26 ಪ್ಯಾಕ್‌ನಲ್ಲಿ ಪೂರ್ಣ ಶಕ್ತಿಯ ಸುಮಾರು 480 ಫ್ಲ್ಯಾಶ್ ಕೊಡುತ್ತದೆ, ಒಂದೂವರೆ ಸೆಕೆಂಡಿಗೆ ಮತ್ತೆ ತಯಾರು. ಅದೇ ಕಂಪನಿಯ, ಎಎ ಸೆಲ್‌ನಲ್ಲಿ ಓಡುವ ಟಿಟಿ600ಕ್ಕೆ 2500ರ ಸೆಲ್‌ನಲ್ಲಿ 230 ಫ್ಲ್ಯಾಶ್, 2.6 ಸೆಕೆಂಡ್. ಮದುವೆಯೇ ಜೀವನೋಪಾಯವಾದರೆ ಮುಖ್ಯ ಫ್ಲ್ಯಾಶ್ ಲಿಥಿಯಂನದೇ ಇರಲಿ. ಆದರೆ ಕಳಸದಲ್ಲೋ ಕೊಪ್ಪದಲ್ಲೋ ಅದರ ಪ್ಯಾಕ್ ಕೈಕೊಟ್ಟರೆ ಪಕ್ಕದ ಅಂಗಡಿಯಲ್ಲಿ ಇನ್ನೊಂದು ಸಿಗುವುದಿಲ್ಲ, ಎಎ ಸೆಲ್ ಎಲ್ಲೂ ಸಿಗುತ್ತದೆ. ಜೊತೆಗೊಂದು ಎಎ ಫ್ಲ್ಯಾಶ್ ಇಟ್ಟುಕೊಳ್ಳಿ. ಹಳೆಯ ವಿ860-2ರ ವಿಬಿ18 ಪ್ಯಾಕ್ 11.1 ವೋಲ್ಟ್, ವಿಬಿ26 7.2 ವೋಲ್ಟ್, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಉಬ್ಬಿದ ಪ್ಯಾಕನ್ನು ಒತ್ತಿ ತುರುಕಿ ಚಾರ್ಜಿಗೆ ಹಾಕಲೇಬೇಡಿ.

ಎಷ್ಟು ಸೆಟ್

ಟಿಟಿ600ಕ್ಕೆ 2500ರ ಸೆಲ್‌ನಲ್ಲಿ 230 ಎಂದರೆ 2000ದ ಸೆಲ್‌ನಲ್ಲಿ ಸುಮಾರು 180 ಪೂರ್ಣ ಫ್ಲ್ಯಾಶ್. ನಾಲ್ಕನೇ ಒಂದು ಶಕ್ತಿಯಲ್ಲಿ ಬಳಸಿದರೆ ಅದೇ ಸೆಟ್ 700ರ ಹತ್ತಿರ ಹೋಗುತ್ತದೆ, ಸಿದ್ಧವಾಗುವ ಸಮಯವೂ ಅಷ್ಟೇ ಪಾಲು ಇಳಿಯುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400ರಿಂದ 1600ಕ್ಕೆ ಏರಿಸುವುದು ಎಂದರೆ ಸೆಲ್ ಒಂದರ ಕೆಲಸ ನಾಲ್ಕಾದಂತೆ.

ಆದರೆ ಜಾಗ ನೋಡಿಕೊಳ್ಳಿ. ಬಿಳಿ ತಾರಸಿಯ ಕಲ್ಯಾಣ ಮಂಟಪದಲ್ಲಿ ಬೌನ್ಸ್ ಮಾಡಿದರೆ, ಅಂದರೆ ಬೆಳಕನ್ನು ತಾರಸಿಗೆ ಬಡಿದು ಕೆಳಗಿಳಿಸಿದರೆ, ಕಾಲು, ಅರ್ಧ ಶಕ್ತಿ ಸಾಕು. ಎತ್ತರಕ್ಕೆ ಶೀಟ್ ಹಾಕಿದ ಮಂಟಪದಲ್ಲಿ, ಬಣ್ಣದ ಬಟ್ಟೆ ಕಟ್ಟಿದ ಚಪ್ಪರದಲ್ಲಿ ಬೌನ್ಸ್ ಎಂದರೆ ಪ್ರತಿಸಲ ಪೂರ್ಣ ಶಕ್ತಿ. ಕಾಫಿ ಕಣದಲ್ಲಿ ರಾತ್ರಿ ಆರತಕ್ಷತೆ ಇಟ್ಟರಂತೂ ಬೌನ್ಸ್‌ಗೆ ತಲೆಯ ಮೇಲೆ ಆಕಾಶವೇ ಗತಿ. ಛತ್ರಿ ಅಥವಾ ಸಾಫ್ಟ್‌ಬಾಕ್ಸ್ ಹಾಕಿದ ಎರಡು ಫ್ಲ್ಯಾಶ್ ಇಡೀ ಸಂಜೆ ದುಡಿಯಬೇಕು. ಒಂದು ಫ್ಲ್ಯಾಶ್ ಇದ್ದರೆ ಮೂರು ಸೆಟ್: ಒಂದು ಒಳಗೆ, ಒಂದು ಜೇಬಿನಲ್ಲಿ, ಒಂದು ಚಾರ್ಜರ್‌ನಲ್ಲಿ. ಎರಡು ಫ್ಲ್ಯಾಶ್ ಇದ್ದರೆ ಐದು ಸೆಟ್, ಅಂದರೆ 20 ಸೆಲ್.

ನಾಲ್ಕೂ ಒಂದೇ ಮನೆಯ ಮಕ್ಕಳಾಗಿರಲಿ

ಒಳ್ಳೆಯ ಸೆಲ್ ಕೊಂಡವರೂ ಎಡವುವುದು ಇಲ್ಲಿ. ನಾಲ್ಕು ಸೆಲ್ ಸಾಲಾಗಿ ಕೂತಿರುವುದರಿಂದ ಒಂದೇ ಕರೆಂಟ್ ನಾಲ್ಕರೊಳಗೂ ಹರಿಯಬೇಕು. ಮೂರು ಗಟ್ಟಿಯಾಗಿದ್ದು ಒಂದು ಸೊರಗಿದ್ದರೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ. ಸೊರಗಿದ್ದು ಮೊದಲು ಖಾಲಿಯಾಗುತ್ತದೆ, ಉಳಿದ ಮೂರು ಅದರೊಳಗೂ ಕರೆಂಟ್ ತಳ್ಳುತ್ತಲೇ ಇರುತ್ತವೆ. ಆಗ ಆ ಸೆಲ್‌ನ ಪ್ಲಸ್ ಮೈನಸ್ ಒಳಗೇ ತಿರುಗುಮುರುಗಾಗುತ್ತದೆ. ಎರಡು ಮೂರು ಸಲ ಹೀಗಾದರೆ ಅದು ಮತ್ತೆ ಏಳುವುದಿಲ್ಲ.

ಪ್ಯಾಕ್ ಒಡೆದ ದಿನವೇ ಅಳಿಸದ ಮಾರ್ಕರ್‌ನಿಂದ ಸೆಲ್ ಮೈಮೇಲೆ ಬರೆಯಿರಿ: ಕ1, ಕ2, ಕ3, ಕ4, ಎರಡನೇ ಪ್ಯಾಕಿಗೆ ಖ1ರಿಂದ ಖ4. ಕೆಳಗೆ ತಿಂಗಳು, ವರ್ಷ. ಕ ಸೆಟ್ ಒಟ್ಟಿಗೇ ಫ್ಲ್ಯಾಶ್‌ಗೆ, ಒಟ್ಟಿಗೇ ಚಾರ್ಜಿಗೆ. ಗಡಿಬಿಡಿಯಲ್ಲಿ ಮನೆಯವರು ಕ3 ತೆಗೆದು ಗಡಿಯಾರಕ್ಕೆ ಹಾಕಿದರೆಂದು ಖ2ನ್ನು ಅದರ ಜಾಗಕ್ಕೆ ತುರುಕಬೇಡಿ. ನಾಲ್ಕು ಸೆಲ್ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ ಕಡ್ಡಾಯ. ಚಾರ್ಜ್ ಆದವುಗಳ ಪ್ಲಸ್ ಮೇಲೆ, ಬಳಸಿದವುಗಳ ಪ್ಲಸ್ ಕೆಳಗೆ ಇಡುವ ರೂಢಿ ಮಾಡಿಕೊಂಡರೆ ಕತ್ತಲಲ್ಲೂ ಬೆರಳಿಗೇ ಗೊತ್ತಾಗುತ್ತದೆ. ಬಿಡಿ ಸೆಲ್‌ಗಳನ್ನು ಬೈಕ್ ಕೀ, ಚಿಲ್ಲರೆ ಜೊತೆ ಜೇಬಿಗೆ ಹಾಕಿದರೆ ಶಾರ್ಟ್ ಆಗಿ ಚರ್ಮ ಸುಡುವಷ್ಟು ಬಿಸಿಯಾಗುತ್ತವೆ.

ಚಾರ್ಜರ್: ಸೆಲ್‌ಗಿಂತ ಮುಖ್ಯ

ಪ್ಯಾಕ್ ಜೊತೆ ಪುಕ್ಕಟೆ ಬರುವ, ಎರಡೆರಡು ಸೆಲ್‌ಗೆ ಒಂದೇ ದೀಪ ಇರುವ ಚಾರ್ಜರ್ ಸೆಲ್‌ಗಳ ಆಯುಷ್ಯ ತಿನ್ನುತ್ತದೆ. ಜೋಡಿಯಲ್ಲಿ ಒಂದು ಬೇಗ ತುಂಬಿದರೂ ಇನ್ನೊಂದಕ್ಕಾಗಿ ಅದೂ ಬೇಯುತ್ತಿರಬೇಕು. ನಿಮಗೆ ಬೇಕಾದದ್ದು ಪ್ರತಿ ಸೆಲ್ಲನ್ನೂ ಬೇರೆ ಬೇರೆ ಗಮನಿಸಿ, ತುಂಬಿದಾಗ ತಾನೇ ನಿಲ್ಲಿಸುವ ಚಾರ್ಜರ್. ನಿಕಲ್ ಸೆಲ್ ತುಂಬಿದ ಕೂಡಲೇ ಅದರ ವೋಲ್ಟೇಜ್ ಐದು ಮಿಲಿವೋಲ್ಟ್‌ನಷ್ಟು ಕೆಳಗಿಳಿಯುತ್ತದೆ. ಒಳ್ಳೆಯ ಚಾರ್ಜರ್ ಕಾಯುವುದು ಆ ಇಳಿತವನ್ನೇ. ಕರೆಂಟ್ ತೀರಾ ಕಡಿಮೆ ಇಟ್ಟರೆ ಇಳಿತ ಕಾಣಿಸುವುದೇ ಇಲ್ಲ. 2000ದ ಸೆಲ್‌ಗೆ 500ರಿಂದ 1000 ಮಿಲಿಆಂಪಿಯರ್ ಹದವಾದದ್ದು. ಹದಿನೈದು ನಿಮಿಷ, ಅರ್ಧ ಗಂಟೆಯಲ್ಲಿ ತುಂಬಿಸುವ ಚಾರ್ಜರ್ ಬೇಡ.

ಮಲೆನಾಡಿನವರು ಇನ್ನೊಂದು ವಿಷಯ ಗಮನಿಸಬೇಕು. ಮೂಡಿಗೆರೆ, ಸಕಲೇಶಪುರ, ಶೃಂಗೇರಿ ಕಡೆ ಮಳೆ ಹಿಡಿದರೆ ಕರೆಂಟ್ ಹೋಗಿ ಬರುವುದು ಲೆಕ್ಕವಿಲ್ಲದಷ್ಟು ಸಲ. ಗಂಟೆ ಲೆಕ್ಕದ ಟೈಮರ್ ಇರುವ ಅಗ್ಗದ ಚಾರ್ಜರ್‌ಗೆ ಎಷ್ಟು ತುಂಬಿದೆ ಎಂಬ ನೆನಪಿರುವುದಿಲ್ಲ. ಏಳು ಗಂಟೆಯ ಟೈಮರ್ ಆರನೇ ಗಂಟೆಗೆ ನಿಂತು ಮತ್ತೆ ಕರೆಂಟ್ ಬಂದರೆ ಸೊನ್ನೆಯಿಂದ ಎಣಿಸತೊಡಗುತ್ತದೆ, ತುಂಬಿದ ಸೆಲ್ ಇನ್ನೂ ಆರು ಗಂಟೆ ಬೇಯುತ್ತದೆ. ಬೆಳಗ್ಗೆ ಮುಟ್ಟಿದರೆ ಸುಡುವಂತಿರುವ ಸೆಲ್‌ಗೆ ಕಾರಣ ಎಷ್ಟೋ ಸಲ ಇದೇ. ಇಳಿತ ನೋಡಿ ನಿಲ್ಲಿಸುವ ಚಾರ್ಜರ್ ಕರೆಂಟ್ ಮರಳಿದ ಮೇಲೆ ಸ್ವಲ್ಪದರಲ್ಲೇ ತುಂಬಿದ್ದನ್ನು ಗುರುತಿಸಿ ನಿಲ್ಲಿಸುತ್ತದೆ. ಯುಎಸ್‌ಬಿಯಿಂದ ಓಡುವ ಚಾರ್ಜರ್ ಆದರೆ ಇನ್ನೂ ಅನುಕೂಲ: ಪವರ್ ಬ್ಯಾಂಕ್‌ನಿಂದಲೂ ಕಾರಿನಿಂದಲೂ ನಡೆಯುತ್ತದೆ.

ಸಮಯದ ಲೆಕ್ಕ ಹೀಗೆ: ಸೆಲ್‌ನ ಎಂಎಎಚ್ಚನ್ನು ಚಾರ್ಜಿಂಗ್ ಕರೆಂಟಿನಿಂದ ಭಾಗಿಸಿ 1.2ರಿಂದ ಗುಣಿಸಿ. 2000 ಭಾಗಿಸು 500, ನಾಲ್ಕು, ಗುಣಿಸು 1.2, ಸುಮಾರು ಐದು ಗಂಟೆ. ನಾಲ್ಕೇ ಸೆಲ್ ಹಿಡಿಯುವ ಚಾರ್ಜರ್‌ನಲ್ಲಿ ಮೂರು ಸೆಟ್ ಎಂದರೆ ಹದಿನೈದು ಗಂಟೆ. ಚಪ್ಪರದ ದಿನ ರಾತ್ರಿ ಕೂತು ಮುಗಿಸುವ ಕೆಲಸ ಇದಲ್ಲ. ಮದುವೆಗೆ ಎರಡು ದಿನ ಮುಂಚೆ ಶುರುಮಾಡಿ, ಇಲ್ಲವೇ ಎರಡು ಚಾರ್ಜರ್ ಇಟ್ಟುಕೊಳ್ಳಿ. ಸೋರದ ಸೆಲ್ ಆದ್ದರಿಂದ ಎರಡು ದಿನಕ್ಕೆ ಏನೂ ಕಳೆದುಕೊಳ್ಳುವುದಿಲ್ಲ.

ಚಾರ್ಜ್ ಮುಗಿಯುವ ಹೊತ್ತಿಗೆ ಸೆಲ್ ಬೆಚ್ಚಗಾಗುವುದು ಸಹಜ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ಚಾರ್ಜರ್ ಸರಿಯಿಲ್ಲ ಅಥವಾ ಸೆಲ್ ಮುಗಿದಿದೆ. ತಣ್ಣಗಾದ ಮೇಲೇ ಫ್ಲ್ಯಾಶ್‌ಗೆ ಹಾಕಿ. ಅರಸೀಕೆರೆ ಕಡೆಯ ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಸೆಲ್ ಡಬ್ಬಿ ಬಿಡಬೇಡಿ.

ಗಡಿಯಾರ ಹಿಡಿದು ಪರೀಕ್ಷೆ

ಸುಮ್ಮನೆ ಇರುವ ಸೆಲ್‌ಗೆ ಮಲ್ಟಿಮೀಟರ್ ಹಿಡಿದರೆ ಹೆಚ್ಚೇನೂ ತಿಳಿಯುವುದಿಲ್ಲ. ಸೊರಗಿದ ಸೆಲ್ ಕೂಡ 1.3 ತೋರಿಸುತ್ತದೆ. ಫ್ಲ್ಯಾಶೇ ಒಳ್ಳೆಯ ಪರೀಕ್ಷಕ. ಪೂರ್ತಿ ಚಾರ್ಜ್ ಮಾಡಿದ ಸೆಟ್ ಹಾಕಿ, ಮ್ಯಾನ್ಯುಯಲ್‌ನಲ್ಲಿ ಪೂರ್ಣ ಶಕ್ತಿಗೆ ಇಡಿ. ಮೊಬೈಲ್ ಸ್ಟಾಪ್‌ವಾಚ್ ಇಟ್ಟುಕೊಂಡು ಟೆಸ್ಟ್ ಬಟನ್ ಒತ್ತಿ, ಸಿದ್ಧವಾದ ದೀಪ ಹೊತ್ತುವವರೆಗಿನ ಸೆಕೆಂಡ್ ಬರೆದುಕೊಳ್ಳಿ. ಹತ್ತು ಸೆಕೆಂಡಿಗೊಮ್ಮೆಯಂತೆ ಹತ್ತು ಸಲ. ಹೊಸದರಲ್ಲಿ ಮೂರರ ಆಸುಪಾಸು ಇದ್ದದ್ದು ಹತ್ತನೆಯದರಲ್ಲಿ ಐದು ದಾಟುತ್ತಿದ್ದರೆ ಆ ಸೆಟ್ ಮದುವೆ ಕೆಲಸಕ್ಕೆ ನಿವೃತ್ತಿ. ಹತ್ತು ಮುಗಿದ ಕೂಡಲೇ ಮುಚ್ಚಳ ತೆಗೆದು ನಾಲ್ಕರ ವೋಲ್ಟೇಜ್ ನೋಡಿ. ಮೂರು 1.28 ಇದ್ದು ಒಂದು 1.15 ಇದ್ದರೆ ಕಳ್ಳ ಅದೇ. ಈ ಪರೀಕ್ಷೆಯನ್ನು ಒಂದೇ ಸಮನೆ ಮೂರು ನಾಲ್ಕು ಸುತ್ತು ಮಾಡಬೇಡಿ. ಪೂರ್ಣ ಶಕ್ತಿಯಲ್ಲಿ ಇಪ್ಪತ್ತು ಫ್ಲ್ಯಾಶ್ ಆದ ಮೇಲೆ ಹತ್ತು ನಿಮಿಷ ತಣಿಯಲು ಬಿಡಬೇಕು.

ದೀಪ ಹೊತ್ತಿದಾಗಲೂ ಕೆಪಾಸಿಟರ್ ಪೂರ್ತಿ ತುಂಬಿರುವುದಿಲ್ಲ. ದೀಪ ಬಂದ ತಕ್ಷಣ ಒತ್ತಿದ ಚಿತ್ರ ಸ್ವಲ್ಪ ಮಂಕಾಗಿ ಬರುವುದು ಅದಕ್ಕೇ. ಒಂದೆರಡು ಸೆಕೆಂಡ್ ತಡೆದರೆ ಎಲ್ಲ ಚಿತ್ರಗಳೂ ಒಂದೇ ಸಮ ಬೆಳಕಿಗೆ ಬರುತ್ತವೆ.

ಹೊಸ ಸೆಲ್ ಹಾಕಿದರೂ ನಿಧಾನವೇ? ಹಾಗಾದರೆ ತಗಡಿನ ತುದಿಗಳನ್ನು ನೋಡಿ. ನಾಲ್ಕು ಸೆಲ್ ಎಂದರೆ ಎಂಟು ಕಡೆ ಲೋಹಕ್ಕೆ ಲೋಹ ತಾಗಬೇಕು. ಬೆರಳಿನ ಜಿಡ್ಡು, ಮಳೆಗಾಲದ ತೇವದಿಂದ ಒಂದೊಂದು ಕಡೆ ಬರೀ 0.02 ಓಮ್ ಕೂಡಿದರೂ ಎಂಟಕ್ಕೆ 0.16. ಐದು ಆಂಪಿಯರ್‌ಗೆ 0.8 ವೋಲ್ಟ್ ನಷ್ಟ, ಅಂದರೆ ಒಂದು ಸೆಲ್‌ನ ಮೂರನೇ ಎರಡು ಪಾಲು ಕಳೆದುಕೊಂಡಂತೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಕಿವಿಕಡ್ಡಿಯಿಂದ ಒರೆಸಿ. ಹಿಂದೆಂದೋ ಆಲ್ಕಲೈನ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಮೊದಲು ನಿಂಬೆರಸ ಅಥವಾ ವಿನಿಗರ್ ಒಂದು ತೊಟ್ಟು, ಆಮೇಲೆ ಆಲ್ಕೋಹಾಲ್, ಆಮೇಲೆ ಚೆನ್ನಾಗಿ ಒಣಗಿಸುವುದು. ಮರಳು ಕಾಗದ ಉಜ್ಜಿದರೆ ಮೇಲಿನ ಲೇಪ ಹೋಗಿ ತುಕ್ಕು ಬೇಗ ಹಿಡಿಯುತ್ತದೆ. ಸೆಲ್ ಜಾಗದಾಚೆಗೆ ಫ್ಲ್ಯಾಶ್ ಬಿಚ್ಚಬೇಡಿ; ಸೆಲ್ ತೆಗೆದ ಎಷ್ಟೋ ಹೊತ್ತಿನ ಮೇಲೂ ಆ 300 ವೋಲ್ಟ್ ಒಳಗೇ ಇರುತ್ತದೆ.

ಆಷಾಢದಲ್ಲಿ

ಮದುವೆಯಿಲ್ಲದ ತಿಂಗಳು ಸೆಲ್‌ಗಳನ್ನು ಫ್ಲ್ಯಾಶ್‌ನೊಳಗೆ ಬಿಡಬೇಡಿ. ಆಫ್ ಇದ್ದರೂ ಕೆಲವು ಫ್ಲ್ಯಾಶ್ ಸಣ್ಣಗೆ ಎಳೆಯುತ್ತಲೇ ಇರುತ್ತವೆ, ಸೆಲ್ ತೀರಾ ಬರಿದಾದರೆ ಹಾಳಾಗಬಹುದು. ಪೂರ್ತಿ ಅಥವಾ ಅರೆ ಚಾರ್ಜ್ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒಲೆಯ ಮೇಲಿನ ಅಟ್ಟ ಬೇಡ, ತಂಪಾದ ಬೀರು ಸಾಕು. ಶ್ರಾವಣದ ಮೊದಲ ಕೆಲಸಕ್ಕೆ ಮುಂಚೆ ಮತ್ತೊಮ್ಮೆ ಚಾರ್ಜ್ ಮಾಡಿ. ಫ್ಲ್ಯಾಶನ್ನೂ ಹತ್ತು ಸಲ ಹಾರಿಸಿ ನೋಡಿ; ಬಹಳ ದಿನ ಕೂತ ಕೆಪಾಸಿಟರ್ ಮೊದಲ ಕೆಲವು ಸಲ ನಿಧಾನ ತುಂಬುವುದು ಸಹಜ, ಆಮೇಲೆ ಸರಿಹೋಗುತ್ತದೆ.

ಎಲ್ಲ ಮಾಡಿಯೂ ನಡುವೆ ಖಾಲಿಯಾದರೆ ಅಂಗಡಿಯಲ್ಲಿ "ಪೆನ್ಸಿಲ್ ಸೆಲ್ ಕೊಡಿ" ಎನ್ನಬೇಡಿ. ಗಡಿಯಾರಕ್ಕೆ ಹಾಕುವ ಅಗ್ಗದ ಜಿಂಕ್ ಸೆಲ್ ಕೊಟ್ಟುಬಿಡುತ್ತಾರೆ, ಅದರಲ್ಲಿ ಫ್ಲ್ಯಾಶ್ ಹತ್ತಿಪ್ಪತ್ತಕ್ಕೇ ಸುಸ್ತು. ಆಲ್ಕಲೈನ್ ಎಂದೇ ಕೇಳಿ, ನಾಲ್ಕೂ ಹೊಸದನ್ನೇ ಹಾಕಿ, ಐಎಸ್‌ಒ ಏರಿಸಿ ಎಂಟನೇ ಒಂದು ಶಕ್ತಿಯಲ್ಲಿ ಕೆಲಸ ಮುಗಿಸಿ. ಅಂದೇ ರಾತ್ರಿ ತೆಗೆದುಬಿಡಿ, ಸೋರುವುದು ಅವೇ.

ಫ್ಲ್ಯಾಶ್‌ಗೆ ಸಲ್ಲದ ನಿಕಲ್ ಸೆಲ್ ಬಿಸಾಡುವ ಹಾಗಿಲ್ಲ. ಎರಡು ಸೆಲ್ ಹಿಡಿಯುವ ರೇಡಿಯೋ ಟ್ರಿಗರ್‌ಗೆ ಅದು ಇನ್ನೂ ಎರಡು ಮೂರು ವರ್ಷ ಸಾಕು, ಆಮೇಲೆ ರಿಮೋಟ್‌ಗೆ. ಅಲ್ಲೂ ಮುಗಿದ ಮೇಲೆ ಕಸದ ಬುಟ್ಟಿಗೆ ಹೋಗಬಾರದು; 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಡಿ ಇಂಥ ಸಣ್ಣ ಸೆಲ್‌ಗಳನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುವ ಮುನ್ನ ಪ್ರತಿ ಸೆಲ್‌ನ ಪ್ಲಸ್ ತುದಿಗೆ ಸೆಲ್ಲೋಟೇಪ್ ತುಂಡೊಂದು ಅಂಟಿಸಿ.